ನೆಗೆಣ್ಣಿಯ ಬಳೆ

ಬಳೆಗಾರ್ತಿ ಮುನ್ನಿ ಬೀ ಓಣಿಗೆ ಬಂದಳೆಂದರೆ ಗಯಾಬಾಯಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಹೋಗೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮುತ್ತೈದೆ ಬಳೆ ಇಡಿಸಿಕೊಳ್ಳುವಾಗ ಗಂಡ ಸತ್ತವಳು ಎದುರಿಗಿರಬಾರದು ಎಂಬುದು ಅವಳು ಹುಟ್ಟಿದಾಗಿನಿಂದ ಕೇಳಿದ ಮಾತು. ಒಲೆಯ ಮುಂದೆ ಕುಳಿತು ಜೋಳದ ಹಿಟ್ಟು ನಾದುತ್ತ, ಬಾಗಿಲ ಸಂದಿಯಿಂದ ಅವಳು ಹೊರಗೆ ನೋಡುತ್ತಿದ್ದಳು. ಕಟ್ಟೆಯ ಮೇಲೆ ನೆಗೆಣ್ಣಿ ಸರುಬಾಯಿ, ಅವಳ ಮೈದುನ ಮಚ್ಚೇಂದ್ರನ ಹೆಂಡತಿ, ಕೈ ಚಾಚಿ ಕುಳಿತಿರುತ್ತಿದ್ದಳು. ಮುನ್ನಿ ಬೀ ಅವಳ ಬೆರಳು ಹಿಸುಕಿ ಹಸಿರು ಬಳೆ ಏರಿಸುವಾಗ ಸರುಬಾಯಿ ನೋವಿಗೆ ಮುಖ ಕಿವುಚಿ ನಗುತ್ತಿದ್ದಳು. ಆ ನಗೆ ಗಯಾಬಾಯಿಗೆ ಹಿಟ್ಟಿನಲ್ಲಿ ಸಿಕ್ಕ ಹರಳಿನಂತೆ ಇರಿಯುತ್ತಿತ್ತು.

ಇದು ನಿಜಾಮರ ಆಳಿಕೆಯ ಕಾಲದ ಮಾತು. ಕಲ್ಯಾಣದ ಕೋಟೆಯ ಹೊರಗೆ, ಊರ ಅಂಚಿನ ಒಂದು ಓಣಿಯಲ್ಲಿ ಕ್ರಿಸ್ತನನ್ನು ನಂಬಿದ ಹದಿನೈದಿಪ್ಪತ್ತು ಮನೆಗಳಿದ್ದವು. ತಗಡು ಹೊದಿಸಿದ ಒಂದು ಸಣ್ಣ ಗುಡಿಯಿತ್ತು. ಹುಮನಾಬಾದದಿಂದ ಫಾದರ್ ತಿಂಗಳಿಗೊಮ್ಮೆ ಬಂದು ಪೂಜೆ ಸಲ್ಲಿಸಿ ಹೋಗುತ್ತಿದ್ದರು. ಉಳಿದ ದಿನ ಉಪದೇಶಿ ಲಾಲಪ್ಪನೇ ಮಕ್ಕಳಿಗೆ ಜಪ ಕಲಿಸುತ್ತಿದ್ದ, ಸಾಯುವವರ ಹಾಸಿಗೆಯ ಬದಿಗೆ ಕುಳಿತಿರುತ್ತಿದ್ದ. ಓಣಿಯ ಜನ ದೇವರನ್ನು ಬದಲಿಸಿದ್ದರು. ವಿಧವೆಯರಿಗೆ ಮಾಡುವುದನ್ನು ಮಾತ್ರ ಅಜ್ಜಂದಿರ ಕಾಲದಲ್ಲಿದ್ದಂತೆಯೇ ಉಳಿಸಿಕೊಂಡಿದ್ದರು.

ಗಯಾಬಾಯಿಯ ಗಂಡ ತುಳಜಾರಾಮ ಚಿಟಗುಪ್ಪದ ಕಡೆ ಕೆಂಪುಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಕಲ್ಲು ಜರಿದು ಸತ್ತವನನ್ನು ಬಂಡಿಯಲ್ಲಿ ಮುಚ್ಚಿಕೊಂಡು ತಂದರು. ಆಗ ಗಯಾಬಾಯಿಯ ತೊಡೆಯ ಮೇಲೆ ಹಾಲು ಕುಡಿಯುವ ಗಂಡುಕೂಸಿತ್ತು. ಓಣಿಯ ಹಿರಿಯ ವಿಧವೆ ಸಖುಬಾಯಿ ಬಂದು, ಗಯಾಬಾಯಿಯ ಕೈ ಹೊಸ್ತಿಲ ಮೇಲಿಟ್ಟು ಬಳೆ ಒಡೆದಳು. ಆಮೇಲೆ ಅವಳನ್ನು ಒಳಕೋಣೆಯ ಕತ್ತಲೆಯಲ್ಲಿ ಕೂಡಿಸಿದರು. ಮೂರು ತಿಂಗಳು ಯಾರೂ ಅವಳ ಮುಖ ನೋಡಬಾರದು, ಅವಳು ಹೊಸ್ತಿಲು ದಾಟಬಾರದು, ಒಪ್ಪತ್ತು ಊಟ. ಸ್ಮಶಾನಕ್ಕಂತೂ ವಿಧವೆ ಬದುಕಿರುವ ತನಕ ಕಾಲಿಡಬಾರದು. ಕೋಣೆಯ ಸೆಕೆಗೆ, ತಾಯಿಯ ಬತ್ತಿದ ಹಾಲಿಗೆ ಕೂಸು ಸೊರಗಿತು, ಕೆಮ್ಮು ಹತ್ತಿತು. ಮೊಲೆಗೂಸನ್ನು ತಾಯಿಯನ್ನು ಬಿಟ್ಟು ದವಾಖಾನೆಗೆ ಒಯ್ಯುವುದು ಹೇಗೆ ಎಂದು, ತಾನೂ ಗಂಡ ಸತ್ತವಳಾದ ಅತ್ತೆ ಸೋನುಬಾಯಿ ಒಯ್ಯಲಿಲ್ಲ. ತಾಯಿಯನ್ನು ಹೊರಗೆ ಬಿಡಲಿಲ್ಲ. ಅಜವಾನದ ಹೊಗೆ ಹಾಕಿದರು. ಒಂದು ಮಧ್ಯಾಹ್ನ ಕೂಸು ಕೆಮ್ಮುವುದನ್ನು ನಿಲ್ಲಿಸಿತು. ಗಂಡಸರು ಬಂದು ಅರಿವೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಎಲ್ಲಿ ಹೂಳಿದರೆಂದು ಅವಳು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಆಮೇಲೆ ಮಚ್ಚೇಂದ್ರನ ಮದುವೆಯಾಯಿತು. ಸರುಬಾಯಿ ಮನೆಗೆ ಬಂದಳು. ಕೆಟ್ಟವಳಾಗಿದ್ದರೆ ಗಯಾಬಾಯಿಗೆ ಸುಲಭವಾಗುತ್ತಿತ್ತು. ಸರುಬಾಯಿ ಒಳ್ಳೆಯವಳು. ಬಿಸಿ ರೊಟ್ಟಿ ಮೊದಲು ಅಕ್ಕನ ತಾಟಿಗೆ ಹಾಕುತ್ತಿದ್ದಳು. ಗಂಡ ಸಂತೆಯಿಂದ ತಂದ ಬತ್ತಾಸು ಪಾಲು ಮಾಡಿ ತಂದು ಕೊಡುತ್ತಿದ್ದಳು. ಆ ಬತ್ತಾಸನ್ನು ಗಯಾಬಾಯಿ ಸೆರಗಿನಲ್ಲಿ ಕಟ್ಟಿಟ್ಟು ಆಮೇಲೆ ಇರುವೆಗೆ ಹಾಕುತ್ತಿದ್ದಳು. ಕ್ರಿಸ್ಮಸ್ಸಿಗೆ ಗಂಡಹೆಂಡತಿ ಹುಮನಾಬಾದದ ದೊಡ್ಡ ಪೂಜೆಗೆ ಹೋಗುತ್ತಿದ್ದರು. ನವೆಂಬರದಲ್ಲಿ ಸತ್ತವರ ಹಬ್ಬ ಬಂದಾಗ ಇಬ್ಬರೂ ಮೇಣಬತ್ತಿ ಹಿಡಿದು ಸ್ಮಶಾನಕ್ಕೆ ನಡೆಯುತ್ತಿದ್ದರು. ತನ್ನ ಗಂಡನ, ತನ್ನ ಕೂಸಿನ ಮಣ್ಣಿಗೆ ಬೇರೊಬ್ಬಳು ದೀಪ ಹಚ್ಚಲು ಹೋಗುವುದನ್ನು ಗಯಾಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಈಗ ಸರುಬಾಯಿ ಬಸುರಿಯೂ ಆಗಿದ್ದಳು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿರುವುದನ್ನು ಕಂಡರೆ ಗಯಾಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಮಚ್ಚೇಂದ್ರನಿಗೆ ಜ್ವರ ಬಂತು, ಇಳಿಯಲಿಲ್ಲ. ಫಾದರ್ ಬಂದು ಹಣೆಗೆ ಪವಿತ್ರ ತೈಲ ಹಚ್ಚಿ ಹೋದರು. ಮುಂದಿನ ವಾರ, ಮುಂಜಾನೆ ನ್ಯಾರಿ ಉಣ್ಣುವ ಹೊತ್ತಿಗೆ ಅವನು ಹೋಗಿಬಿಟ್ಟ. ಸರುಬಾಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈಗೆ ಶಿಲುಬೆ ಹಿಡಿಸಿದ್ದಳು. ಕೊನೆಯ ಮಾತು ಅವಳ ಕಿವಿಯಲ್ಲೇ ಆಡಿದ. ಗಯಾಬಾಯಿ ಬಾಗಿಲಿಗೊರಗಿ ನಿಂತಿದ್ದಳು. ಮೈದುನ ಸತ್ತ ದುಃಖ ಅವಳಿಗೆ ಇರಲಿಲ್ಲವೆಂದಲ್ಲ. ಆದರೆ ಮೊದಲು ಬಂದ ವಿಚಾರ ಇದು: ಇಕಿ ಜೋಡಿ ಮಾತಾಡಿ ಹೋದ. ನನ್ನ ಜೋಡಿ ಮಾತಾಡಿ ಹೋದವರು ಯಾರೂ ಇಲ್ಲ.

ಲಾಲಪ್ಪ ಬಂದವನೇ ಹುಮನಾಬಾದದ ಬಸ್ಸಿಗೆ ಒಬ್ಬನನ್ನು ಕಳಿಸಿದ. ಫಾದರ್ ಮಧ್ಯಾಹ್ನ ಇಳಿಯುವ ಹೊತ್ತಿಗೆ ಬರಬಹುದು, ಬಿಸಿಲ ದಿನ, ಸಂಜೆಯೊಳಗೆ ಮಣ್ಣು ಮಾಡಬೇಕು. ಬಡಿಗ ಕಾಸಿಂ ಅಳತೆ ತೆಗೆದುಕೊಂಡು ಪೆಟ್ಟಿಗೆ ಮಾಡಲು ಹೋದ. ಆಮೇಲೆ ಲಾಲಪ್ಪ ಸರುಬಾಯಿಯ ಎದುರು ನೆಲದ ಮೇಲೆ ಕುಳಿತು ಮೆಲ್ಲಗೆ ಕೇಳತೊಡಗಿದ.

"ತಂಗೀ, ಯಾವ ಅಂಗಿ ಹಾಕೂಣು?"

"ಮದುವಿ ಅಂಗಿ ಅದರಿ. ಅದೇ ಹಾಕ್ರಿ."

"ಜಪಸರ ಕೈಯಾಗ ಇಡೂಣೋ, ನಿನ್ನ ಹತ್ರ ಇಟ್ಕೋತಿಯೋ?"

"ಅವರದೇ ಅದು. ಅವರ ಕೈಯಾಗೇ ಇರ್ಲಿ."

"ಗುಡಿಯಾಗ ಪೂಜಿ ಆದಮ್ಯಾಗ ಹಾಡು ಹಾಡ್ತೀವಿ. ಅವಂಗ ಯಾವುದು ಸೇರತಿತ್ತು?"

ಸರುಬಾಯಿ ಹೇಳಲು ಹೋಗಿ ಅತ್ತಳು. ಲಾಲಪ್ಪ ಕಾಯ್ದ. ಗಯಾಬಾಯಿ ನೀರಿನ ಕೊಡ ಇಳಿಸುತ್ತ ಒಂದೊಂದು ಪ್ರಶ್ನೆಯನ್ನೂ ಕೇಳಿಸಿಕೊಂಡಳು. ತುಳಜಾರಾಮನಿಗೆ ಯಾವ ಅಂಗಿ ಹಾಕಿ ಒಯ್ದರೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವನಿಗೆ ಯಾವ ಹಾಡು ಸೇರುತ್ತಿತ್ತೆಂದು ಯಾರೂ ಕೇಳಿರಲಿಲ್ಲ. ಆ ಹೊತ್ತಿಗಾಗಲೇ ಅವಳನ್ನು ಕತ್ತಲೆಯಲ್ಲಿ ಕೂಡಿಸಿಯಾಗಿತ್ತು.

ಅಷ್ಟರಲ್ಲಿ ಸತ್ತವನ ಸೋದರಮಾವ ಬಕ್ಕಪ್ಪ ಒಳಗೆ ಬಂದ. ಓಣಿಯ ಹಿರಿಯ, ಅವನ ಮಾತನ್ನು ಯಾರೂ ದಾಟುತ್ತಿರಲಿಲ್ಲ.

"ಅಂಗಿ, ಹಾಡು ಆಮ್ಯಾಗ ಆಗಲಿ. ಫಾದರ್ ಬರೂದರಾಗ ಬಳಿ ಒಡಿಯೂದು ಮುಗಸ್ರಿ. ಅವರು ಬಂದ ಮ್ಯಾಗ ಸುಮ್ನ ಗದ್ದಲ ಆಗ್ತದ."

"ಬಕ್ಕಪ್ಪಣ್ಣಾ, ಇದು ಬ್ಯಾಡ," ಎಂದ ಲಾಲಪ್ಪ. "ನಾವು ಪೆಟಗಿ ಮುಂದ ಏನು ಓದ್ತೀವಿ? ಸತ್ತಾವ ದೇವರ ಕಡಿ ಜೀವಂತ ಇದ್ದಾನ ಅಂತ ಓದ್ತೀವಿ. ಅಂವ ಅಲ್ಲಿ ಜೀವಂತ ಇದ್ರ, ಇಕಿಗಿ ಇಲ್ಲಿ ಯಾಕ ಶಿಕ್ಷಾ ಕೊಡ್ತೀರಿ? ಇಕಿ ಏನು ಕಸೂರು ಮಾಡ್ಯಾಳ?"

"ಪ್ರಾರ್ಥನಾ ನಿಂದು, ರಿವಾಜು ನಮ್ದು. ನಮ್ಮ ಅಪ್ಪ ಗುಡಿಯಾಗ ತಲಿಗಿ ದೀಕ್ಷಾದ ನೀರು ಹೊಯ್ಸಿಕೊಂಡಾಗ ದೇವರಿಗಿ ಕೈ ಮುಗದ. ಹೆಣ್ಣಮಕ್ಕಳ ಲಗಾಮು ಬಿಡ್ತೀನಿ ಅಂತ ಎಲ್ಲೂ ಹೇಳಿಲ್ಲ."

"ಬಸುರಿ ಇದ್ದಾಳಣ್ಣ. ಕತ್ತಲ ಕೋಣ್ಯಾಗ ಮೂರು ತಿಂಗಳು, ಒಂದೇ ಹೊತ್ತು ಊಟ. ಕೂಸಿನ ಗತಿ ಏನು?"

ಬಕ್ಕಪ್ಪ ಗಯಾಬಾಯಿಯ ಕಡೆ ಕೈ ತೋರಿಸಿದ. "ಇಕಿ ಎಲ್ಲಾ ಮಾಡಿದ್ಳಲ್ಲ. ಇಕಿ ಏನು ಕಳಕೊಂಡ್ಳು?"

ಗಯಾಬಾಯಿ ನೀರಿನ ಕೊಡವನ್ನು ಒಳಗೆ ಒಯ್ದಳು. ಲಾಲಪ್ಪ ತಲೆ ತಗ್ಗಿಸಿದ. ಗಯಾಬಾಯಿಯ ಕೂಸು ಸಾಯುವಾಗ ತಾನೂ ಈ ಓಣಿಯಲ್ಲೇ ಇದ್ದೆನೆಂಬುದು ಅವನಿಗೆ ನೆನಪಿತ್ತು.

ಗಂಡಸರು ಹೆಣಕ್ಕೆ ನೀರು ಹಾಕಲು ಹಿತ್ತಲಿಗೆ ಹೋದರು. ಸೋನುಬಾಯಿ ಒಳಗಿನಿಂದ ಗುಂಡುಕಲ್ಲು ತಂದಳು. ಮಗನನ್ನು ಕಳೆದುಕೊಂಡು ಅತ್ತು ಅತ್ತು ಅವಳ ದನಿ ಒಡೆದಿತ್ತು. ಆದರೂ ಅವಳು ರಿವಾಜನ್ನು ಮರೆತಿರಲಿಲ್ಲ. ಕಲ್ಲನ್ನು ಹಿರಿಯ ಸೊಸೆಯ ಕೈಗೆ ಕೊಟ್ಟಳು.

"ನೀನೇ ಮಾಡಬೇಕು ಗಯಾ. ಸೊಸಿ ಬಳಿ ಅತ್ತಿ ಒಡಿಯಬಾರದು. ಮನ್ಯಾಗ ಗಂಡ ಸತ್ತಾಕಿ ಇರೂ ತನಕ ಹೊರಗಿನಾಕಿ ಯಾಕ ಬರಬೇಕು."

ಓಣಿಯ ಹೆಂಗಸರು ಬಾಗಿಲು ತುಂಬಿ ನಿಂತಿದ್ದರು. ಅವರ ನಡುವೆ ಮುದುಕಿ ಸಖುಬಾಯಿಯೂ ಇದ್ದಳು. ಗಯಾಬಾಯಿ ಕಲ್ಲು ಹಿಡಿದು ಕುಳಿತಳು. ಅವಳಿಗೆ ಒಳಗೊಳಗೇ ಸಂತೋಷವಾಯಿತು. ಹೇಳಲು ನಾಚಿಕೆಯಾಗುವಂಥ ಸಂತೋಷ ಅದು. ಇನ್ನು ಮುನ್ನಿ ಬೀ ಬಂದರೆ ಇಬ್ಬರೂ ಅಡುಗೆಮನೆಗೆ ಹೋಗಬೇಕು. ಇನ್ನು ಸತ್ತವರ ಹಬ್ಬಕ್ಕೆ ಇಬ್ಬರೂ ಬಾಗಿಲಲ್ಲಿ ನಿಲ್ಲಬೇಕು.

ಸರುಬಾಯಿ ತಾನಾಗಿಯೇ ಕೈ ತಂದು ಹೊಸ್ತಿಲ ಮೇಲಿಟ್ಟಳು.

"ಒಡಿ ಅಕ್ಕಾ. ಬಳಿ ಹೋದ್ರ ಹೋಗಲಿ. ಆದ್ರ ಕತ್ತಲ ಕೋಣ್ಯಾಗ ನಾ ಕೂಡಂಗಿಲ್ಲ. ಹೊಟ್ಯಾಗ ಅವರ ಕೂಸದ. ಅವರ ಹಿಂದ ಮಣ್ಣಿನ ತನಕ ನಾ ನಡ್ಕೋತ ಹೋಗ್ತೀನಿ. ಆಮ್ಯಾಗ ಏನಾದ್ರೂ ಮಾಡ್ರಿ."

ಗಯಾಬಾಯಿಗೆ ಸಿಟ್ಟು ನೆತ್ತಿಗೇರಿತು. ನನಗಿಲ್ಲದ್ದು ಇವಳಿಗೇಕೆ? ನಾನು ಕೂತಿಲ್ಲವೇ? ನಾನು ಕೂತು ಕಳೆದುಕೊಂಡಂತೆ ಇವಳೂ ಕೂರಲಿ, ಇವಳೂ ಕಳೆದುಕೊಳ್ಳಲಿ. ಹಾಗೆಂದು ಮನಸ್ಸಿನಲ್ಲೇ ಅಂದುಕೊಂಡಳು. ಕಲ್ಲು ಎತ್ತಿದಳು. ಎತ್ತಿದ ಮೇಲೆ ತಾನು ಅಂದುಕೊಂಡದ್ದೇನೆಂದು ಅವಳಿಗೆ ಅರ್ಥವಾಯಿತು. ಇವಳು ಕಳೆದುಕೊಳ್ಳಬೇಕಾದದ್ದು ಬಳೆಯಲ್ಲ. ಆ ಹೊಟ್ಟೆಯೊಳಗಿನ ಕೂಸು ಕೆಮ್ಮಿ ಕೆಮ್ಮಿ ಸುಮ್ಮನಾಗಲಿ ಎಂದು ಅವಳು ಬಯಸಿದ್ದಳು. ತನ್ನ ಮಗನ ಕೆಮ್ಮು ಕಿವಿಯಲ್ಲಿ ಕೇಳಿದ ತಾಯಿಯೇ ಹಾಗೆ ಬಯಸಿದ್ದಳು.

ತಲೆಯೆತ್ತಿ ಬಾಗಿಲಲ್ಲಿ ನಿಂತ ಸಖುಬಾಯಿಯನ್ನು ನೋಡಿದಳು.

"ಸಖವ್ವಾ, ನನ್ನ ಬಳಿ ನೀನೇ ಒಡದಿದ್ದಿ. ಆವಾಗ ನಿನಗ ಏನನಸ್ತು?"

ಮುದುಕಿ ಸೆರಗು ಬಾಯಿಗೆ ಹಿಡಿದಳು.

"ಸುಳ್ಳು ಯಾಕ ಹೇಳ್ಲಿ," ಎಂದಳು. "ಸಮಾಧಾನ ಆತವ್ವಾ. ನನಗ ಆಗಿದ್ದು ಇನ್ನೊಬ್ಬಾಕಿಗೂ ಆತು ಅಂತ ಸಮಾಧಾನ ಆತು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಯಾಬಾಯಿ ಕಲ್ಲನ್ನು ಕೆಳಗಿಟ್ಟಳು.

"ನನಗೂ ಅದೇ ಸಮಾಧಾನ ಬೇಕಿತ್ತು. ಅತ್ತಿ, ಕೇಳು. ಇಕಿ ಮ್ಯಾಗ ನನಗ ಹೊಟ್ಟಿಕಿಚ್ಚು ಅದ. ಇಕಿ ಬಂದ ದಿನದಿಂದ ಅದ. ನಾಳಿಗೂ ಹೋಗಂಗಿಲ್ಲ. ಇಕಿ ಕೈಯಾಗ ಬಳಿ ನೋಡಿದ್ರ ನನ್ನ ಕಣ್ಣು ಉರೀತಾವ. ಉರೀಲಿ. ನಾ ಇದನ್ನ ಒಡಿಯಂಗಿಲ್ಲ. ಇಕಿನ ಕತ್ತಲ್ಯಾಗ ಕೂಡ್ಸೂದಕ್ಕ ಬಿಡಂಗಿಲ್ಲ."

ಗದ್ದಲ ಕೇಳಿ ಬಕ್ಕಪ್ಪ ಹಿತ್ತಲಿನಿಂದ ಬಂದ. "ನಿನಗ ತಲಿ ಕೆಟ್ಟದೇನು? ನೀ ಒಲ್ಲೆ ಅಂದ್ರ ಬ್ಯಾರೆದಾಕಿ ಒಡೀತಾಳ."

"ಮಾವಾ, ನೀವು ಕೇಳಿದ್ರಿ, ಇಕಿ ಏನು ಕಳಕೊಂಡ್ಳು ಅಂತ," ಎಂದಳು ಗಯಾಬಾಯಿ. ಅವಳು ಎಂದೂ ಅವನ ಮುಖ ನೋಡಿ ಮಾತಾಡಿದವಳಲ್ಲ. "ನನ್ನ ಮಗ ಆ ಕೋಣ್ಯಾಗ ಕೆಮ್ಮಿ ಸತ್ತ. ದವಾಖಾನಿ ಊರಾಗೇ ಇತ್ತು. ನಾ ಎತಗೊಂಡು ಓಡತಿದ್ದೆ. ನೀವು ಬಾಗಲಕ್ಕ ಅಡ್ಡ ಕೂತಿದ್ರಿ."

ಬಕ್ಕಪ್ಪ ಸಖುಬಾಯಿಯ ಕಡೆ ನೋಡಿದ. ಸಖುಬಾಯಿ ಸೆರಗು ಹೊದ್ದು ಹೊರಗೆ ನಡೆದುಬಿಟ್ಟಳು. ಉಳಿದವರಲ್ಲಿ ಕಲ್ಲು ಎತ್ತಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಸೋನುಬಾಯಿ ಗೋಡೆಗೊರಗಿ ಕುಸಿದು ಕುಳಿತಳು. ಬೈಯಲೂ ಇಲ್ಲ, ಒಪ್ಪಲೂ ಇಲ್ಲ.

ಮಧ್ಯಾಹ್ನದ ಬಸ್ಸಿಗೆ ಫಾದರ್ ಬಂದರು. ಕರಿಯ ನಿಲುವಂಗಿ ತೊಟ್ಟು ಪೂಜೆ ಮಾಡಿದರು. ಲ್ಯಾಟಿನ್ ಮಾತು ಯಾರಿಗೂ ತಿಳಿಯಲಿಲ್ಲ. ಆದರೆ ಪೆಟ್ಟಿಗೆಯ ಸುತ್ತ ತೀರ್ಥ ಚಿಮುಕಿಸಿ ಧೂಪ ಹಾಕಿದಾಗ ಎಲ್ಲರೂ ಮೊಣಕಾಲೂರಿದರು. ಸರುಬಾಯಿ ಹೇಳಿದ ಹಾಡನ್ನು ಲಾಲಪ್ಪ ಎತ್ತಿಕೊಟ್ಟ. ಪೆಟ್ಟಿಗೆ ಹೊರಗೆ ಬಂತು. ಗಂಡಸರ ಹಿಂದೆ ಸರುಬಾಯಿ ನಡೆದಳು, ಕೈತುಂಬ ಹಸಿರು ಬಳೆ. ದಾರಿಯಲ್ಲಿ ನಿಂತ ಜನ ಮುಖ ತಿರುಗಿಸಿದರು, ಒಬ್ಬಿಬ್ಬರು ಉಗುಳಿದರು. ಅವಳ ಕಾಲು ತೊಡರಿದಾಗ ಗಯಾಬಾಯಿ ರಟ್ಟೆ ಹಿಡಿದಳು. ಆ ಬಳೆಗಳ ಸದ್ದು ಕಿವಿಯ ಹತ್ತಿರವೇ ಇತ್ತು. ಹೊಟ್ಟೆಯೊಳಗೆ ಕಿಚ್ಚು ಹಾಗೆಯೇ ಇತ್ತು. ಅವಳು ರಟ್ಟೆ ಬಿಡಲಿಲ್ಲ.

ಸ್ಮಶಾನವೆಂದರೆ ಕಲ್ಲಿನ ಮೋಟುಗೋಡೆಯ ಒಂದು ಬಯಲು. ಪೆಟ್ಟಿಗೆ ಇಳಿಸಿದ ಮೇಲೆ ಫಾದರ್ ಮೊದಲ ಹಿಡಿ ಮಣ್ಣು ಹಾಕಿದರು. ಆಮೇಲೆ ಸರುಬಾಯಿ ಹಾಕಿದಳು. ಗಯಾಬಾಯಿಯೂ ಹಾಕಿದಳು. ಹಾಕಿ ಕೈ ಒರೆಸಿಕೊಳ್ಳದೆ ಸುತ್ತಲೂ ನೋಡುತ್ತ ನಿಂತಳು. ಎಷ್ಟೋ ದಿಬ್ಬಗಳು, ಕೆಲವಕ್ಕೆ ಕಟ್ಟಿಗೆಯ ಶಿಲುಬೆ, ಕೆಲವಕ್ಕೆ ಅದೂ ಇಲ್ಲ.

ಸರುಬಾಯಿ ಅಳು ನುಂಗಿಕೊಂಡು ಅವಳ ಸೆರಗು ಜಗ್ಗಿದಳು. "ಈ ಕಡಿ ಬಾ ಅಕ್ಕಾ."

ಬೇವಿನ ಗಿಡದ ಹತ್ತಿರ ಎರಡು ದಿಬ್ಬ ಒತ್ತೊತ್ತಿಗಿದ್ದವು. ಒಂದು ದೊಡ್ಡದು, ಒಂದು ಮೊಳದಷ್ಟು. "ಇದು ಭಾವನೋರದು. ಇದು ನಿನ್ನ ಮಗಂದು. ಅಪ್ಪನ ಮಗ್ಗಲ್ದಾಗೇ ಇಡ್ಬೇಕು ಅಂತ ನಮ್ಮ ಮನಿಯವರು ಹಟ ಹಿಡದಿದ್ರಂತ."

ನನ್ನವರು ಎಲ್ಲಿದ್ದಾರೆಂದು ನನಗಿಂತ ಮೊದಲು ಇವಳಿಗೆ ಗೊತ್ತಿತ್ತು ಎಂಬ ಉರಿ ಗಯಾಬಾಯಿಯಲ್ಲಿ ಇನ್ನೊಮ್ಮೆ ಎದ್ದಿತು. ಅದು ಇಳಿಯುವ ಮೊದಲೇ ಅವಳು ನೆಲಕ್ಕೆ ಬಾಗಿದಳು. ಸಣ್ಣ ದಿಬ್ಬದ ಮೇಲೆ ಎರಡೂ ಅಂಗೈ ಇಟ್ಟು ಕುಳಿತಳು.

ಫಾದರ್ ಬಸ್ಸಿಗೆಂದು ಹೊರಟರು. ಗಂಡಸರು ಸಲಿಕೆ ಹೆಗಲಿಗೇರಿಸಿದರು. ಬಕ್ಕಪ್ಪ ದೂರದಿಂದಲೇ ಕೂಗಿದ: "ಆತಲ್ಲ ನಿಮ್ಮ ಹಟ. ಏಳ್ರಿ ಇನ್ನ. ಹೆಣ್ಣಮಕ್ಕಳು ಇಷ್ಟೊತ್ತು ಇಲ್ಲಿ ಕೂಡಬಾರದು."

ಗಯಾಬಾಯಿ ತಲೆ ಎತ್ತಲಿಲ್ಲ. "ನೀವು ನಡೀರಿ ಮಾವಾ. ನಾ ಎಂಟು ವರ್ಷ ತಡಾ ಮಾಡಿ ಬಂದೀನಿ. ಜರಾ ಹೊತ್ತು ಕೂಡ್ತೀನಿ."

ಗಂಡಸರು ಹೋದರು. ಸರುಬಾಯಿ ಹೋಗಲಿಲ್ಲ, ಬೇವಿನ ನೆರಳಲ್ಲಿ ಕುಳಿತಳು. ಲಾಲಪ್ಪ ಹೊರಡಲು ತಿರುಗಿದಾಗ ಗೋಡೆಯ ಬಾಗಿಲಲ್ಲಿ ಯಾರೋ ನಿಂತಿರುವುದು ಕಂಡಿತು. ಸೋನುಬಾಯಿ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಇದೇ ಬಯಲಿಗೆ ಕಳಿಸಿ, ಒಬ್ಬರ ಮಣ್ಣನ್ನೂ ಕಾಣದ ಮುದುಕಿ. ಮುಖದ ತುಂಬ ಸೆರಗು ಎಳೆದುಕೊಂಡು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದಳು. ಲಾಲಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಸ್ವಲ್ಪ ಹೊತ್ತಿಗೆ ಅವಳು ಇನ್ನೊಂದು ಕಾಲನ್ನೂ ಒಳಗೆ ಇಟ್ಟಳು.