ಬ್ರೇಕಿನ ಮೇಲಿನ ಪಾದ

ನಾನು ಒಂದು ಬಸ್ಸಿನ ಬ್ರೇಕ್ ಪೆಡಲ್. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಒತ್ತಿದರೆ ಇಳಿಯಬೇಕು, ಬಿಟ್ಟರೆ ಏಳಬೇಕು. ಬಸ್ಸು ನಿಂತಾಗಲೂ ಎಂಜಿನ್ನಿನ ನಡುಕ ನನ್ನೊಳಗೆ ಓಡುತ್ತಲೇ ಇರುತ್ತಿತ್ತು.

ಹುಟ್ಟಿದ್ದು ಹೊಸೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ. ಕಾದ ಕಬ್ಬಿಣದ ಪಟ್ಟಿಯನ್ನು ಬಾಗಿಸಿ, ತುದಿಗೆ ಅಂಗೈಯಗಲದ ತಗಡು ಬೆಸೆದು, ಅದರ ಮೇಲೆ ಗೀರುಗೀರಿನ ರಬ್ಬರು ಹೊದಿಸಿದರು. ಬಸ್ಸಿನಲ್ಲಿ ನನ್ನ ಎಡಕ್ಕೆ ಕ್ಲಚ್ಚು, ಬಲಕ್ಕೆ ಆಕ್ಸಿಲರೇಟರು. ಓಡಿಸುವುದು ಅವನ ಕೆಲಸ, ನಿಲ್ಲಿಸುವುದು ನನ್ನದು. ಎರಡಕ್ಕೂ ಡ್ರೈವರಿನ ಬಲಗಾಲು ಒಂದೇ.

ನಮ್ಮದು ಶಿರಾದಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗಿಬರುವ ಖಾಸಗಿ ಬಸ್ಸು. ಅದನ್ನು ಮೊದಲು ಓಡಿಸಿದವನು ಚಿಕ್ಕನರಸಯ್ಯ. ಜನರನ್ನು ನಾನು ಮುಖದಿಂದ ಗುರುತಿಸಿದ್ದಿಲ್ಲ, ಪಾದದಿಂದಲೇ. ಅವನ ಪಾದ ಆರಂಭದಲ್ಲಿ ಚುರುಕಾಗಿತ್ತು. ಆದರೆ ಅವನಿಗೆ ಕುಡಿತದ ಚಟ. ವರ್ಷಗಳು ಕಳೆದಂತೆ ಆ ಕಾಲು ನನ್ನ ಮೇಲೆ ಒನಕೆಯ ಹಾಗೆ ಬೀಳತೊಡಗಿತು. ಮಾಲೀಕರು ಅವನನ್ನು ಬಿಡಿಸಿದರು. ಕುಡಿದೂ ಕುಡಿದು ಕಾಲಿನ ನರ ಸುಟ್ಟುಕೊಂಡ ಎಂದು ನಿಲ್ದಾಣದಲ್ಲಿ ಆಡಿಕೊಂಡರು.

ಆಮೇಲೆ ಬಂದವನು ತಿಪ್ಪೇರುದ್ರಪ್ಪ. ಎಲ್ಲರಿಗೂ ರುದ್ರಣ್ಣ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೂರುತ್ತಿದ್ದ. ಅನ್ನ ಕೊಡುವ ಗಾಡಿಯನ್ನು ಚಪ್ಪಲಿಗಾಲಲ್ಲಿ ತುಳಿಯಬಾರದು ಎಂಬುದು ಅವನ ನೇಮ. ಆ ಬರಿಗಾಲು ಎಂಥದು! ನನ್ನ ಮೇಲೆ ಕಡಲೆಕಾಯಿ ಸಿಪ್ಪೆಯ ಚೂರಿದ್ದರೂ ಅದಕ್ಕೆ ಗೊತ್ತಾಗುತ್ತಿತ್ತು. ಅವನು ಬಸ್ಸು ನಿಲ್ಲಿಸಿದರೆ ತಾಯಿಯ ಮಡಿಲಲ್ಲಿ ಮಲಗಿದ ಕೂಸು ಎಚ್ಚರಾಗುತ್ತಿರಲಿಲ್ಲ. ಕಂಡಕ್ಟರ್ ಓಬಳೇಶ ಹಿಂದಿನಿಂದ ‘ರೈಟ್’ ಎನ್ನುವುದು, ಇವನು ಗಾಡಿ ಎತ್ತುವುದು. ಹನ್ನೊಂದು ವರ್ಷ ಹೀಗೆ ನಡೆಯಿತು.

ರುದ್ರಣ್ಣನಿಗೆ ಸಕ್ಕರೆ ಕಾಯಿಲೆ ಇರುವುದು ಎಲ್ಲರಿಗೂ ಗೊತ್ತಿತ್ತು. ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಿದ್ದ. ಮಾತ್ರೆಯನ್ನು ಮಾತ್ರ ನೆನಪಾದಾಗ ನುಂಗುತ್ತಿದ್ದ. ಒಂದು ಬೇಸಿಗೆಯಿಂದ ಅವನ ಪಾದಗಳಿಗೆ ನೆಮ್ಮದಿ ತಪ್ಪಿತು. ನಿಂತ ಬಸ್ಸಿನಲ್ಲೂ ಬೆರಳು ಆಡಿಸುವನು, ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜುವನು, ಒದ್ದೆ ಬಟ್ಟೆ ಸುತ್ತುವನು. ಅಂಗಾಲಲ್ಲಿ ಕೆಂಡ ಇಟ್ಟಂತೆ, ಕೆಂಜಿಗ ಹರಿದಂತೆ ಎಂದು ಓಬಳೇಶನ ಹತ್ತಿರ ಹೇಳಿಕೊಳ್ಳುತ್ತಿದ್ದ. ಆಸ್ಪತ್ರೆಗೆ ಹೋಗು ಎಂದರೆ, ತಾನೇನು ಚಿಕ್ಕನರಸಯ್ಯನ ಹಾಗೆ ಕುಡಿಯುತ್ತೇನೆಯೇ, ತನ್ನ ನರಕ್ಕೇನಾಗುತ್ತದೆ, ಇದು ಎಂಜಿನ್ ಕಾವು ಎಂದು ತಳ್ಳಿಹಾಕುತ್ತಿದ್ದ.

ಯಾರೋ ಅಮೃತಬಳ್ಳಿಯ ಕಷಾಯ ಹೇಳಿದರು. ಕುಡಿದ. ಕೆಲವು ತಿಂಗಳಾದ ಮೇಲೆ ಉರಿ ನಿಂತೇಹೋಯಿತು. ಅವನ ಸಂತೋಷಕ್ಕೆ ಪಾರವಿಲ್ಲ. ಇದ್ದ ಮಾತ್ರೆಯನ್ನೂ ಬಿಟ್ಟ. ಬಳ್ಳಿಯ ತುಂಡುಗಳನ್ನು ಸೀಟಿನ ಹಿಂದೆ ಇಟ್ಟುಕೊಂಡು ಬೇರೆ ಡ್ರೈವರುಗಳಿಗೂ ಹಂಚಿದ.

ನನಗೆ ಮಾತ್ರ ಅಂದಿನಿಂದ ಕಳವಳ ಹತ್ತಿತು. ಉರಿ ಹೋದದ್ದಲ್ಲ, ಆ ಪಾದವೇ ಹೊರಟುಹೋಗಿತ್ತು. ನನ್ನ ಮೇಲೆ ಕೂತದ್ದು ಬರೀ ಭಾರ. ಒಮ್ಮೆ ಬೇಕಾದ್ದಕ್ಕಿಂತ ಹೆಚ್ಚು ಒತ್ತುವನು, ಒಮ್ಮೆ ಸಾಲದೆ ಮತ್ತೆ ಒತ್ತುವನು. ಹಿಂದಿನ ಸೀಟಿನವರು ಮುಗ್ಗರಿಸಿ ಬೈಯತೊಡಗಿದರು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಅವನು ನನ್ನನ್ನು ನೋಡತೊಡಗಿದ. ಬ್ರೇಕ್ ಹಾಕುವ ಮೊದಲು ಕಣ್ಣು ಕೆಳಗಿಳಿದು ತನ್ನ ಪಾದ ಎಲ್ಲಿದೆ ಎಂದು ಹುಡುಕುತ್ತಿತ್ತು. ಅಷ್ಟು ಹೊತ್ತು ರಸ್ತೆಯನ್ನು ನೋಡುವವರು ಯಾರೂ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಂದ. ಇನ್ನೊಂದು ದಾರಿಯಲ್ಲಿ ಎಲ್ಲೋ ಜಾರಿದ್ದು ಅವನಿಗೆ ತಿಳಿದೇ ಇರಲಿಲ್ಲ.

“ಒಂದ್ನ ಮನೆ ಕಾಯಕ್ಕೆ ಬಿಟ್ಟು ಬಂದ್ಯಾ ಅಣ್ಣ?” ಎಂದ ಓಬಳೇಶ. ಎಲ್ಲರೂ ನಕ್ಕರು. ರುದ್ರಣ್ಣನೂ ನಕ್ಕ.

ಅಷ್ಟರಲ್ಲಿ ನನಗೂ ವಯಸ್ಸಾಗಿತ್ತು. ಮೈಮೇಲಿನ ರಬ್ಬರು ಸವೆದು ಬಲ ಮೂಲೆಯ ಕಬ್ಬಿಣ ಬ್ಲೇಡಿನಂತೆ ಹೊರಬಂದಿತ್ತು. ಮೊದಲಿನ ರುದ್ರಣ್ಣನಾಗಿದ್ದರೆ ಮೊದಲ ಸಲ ಚುಚ್ಚಿದಾಗಲೇ ಕಾಲು ಕಿತ್ತು, ಹೊಸ ರಬ್ಬರು ಹಾಕಿಸುತ್ತಿದ್ದ. ಈಗ ಸುಮ್ಮನೆ ಒತ್ತುತ್ತಿದ್ದ. ಅವನ ಕಿರುಬೆರಳ ಬುಡವನ್ನು ದಿನಾ ಕೊರೆಯುತ್ತಿದ್ದವನು ನಾನೇ. ಕಾಲು ತೆಗೆ ಎಂದು ಕೂಗಲು ನನಗೆ ಬಾಯಿಲ್ಲ. ಹೇಳಬೇಕಾದ ನರ ಅವನಲ್ಲಿ ಸತ್ತಿತ್ತು.

ಪ್ರತಿ ಶುಕ್ರವಾರ ಓಬಳೇಶ ಬಸ್ಸು ತೊಳೆದು ಸ್ಟೇರಿಂಗಿಗೂ ನಮಗೂ ಕುಂಕುಮ ಇಡುವುದು ವಾಡಿಕೆ. ಒಂದು ಸೋಮವಾರ ಮಧುಗಿರಿ ನಿಲ್ದಾಣದಲ್ಲಿ ರುದ್ರಣ್ಣ ಚಹಾಕ್ಕೆ ಇಳಿದಾಗ, ಓಬಳೇಶ ಕೆಳಗೆ ಬಿದ್ದ ಚಿಲ್ಲರೆ ಹುಡುಕುತ್ತಾ ಬಗ್ಗಿದ. ನನ್ನ ಮೇಲಿನ ಕೆಂಪು ಕಂಡು ಶುಕ್ರವಾರದ ಕುಂಕುಮ ಎಂದುಕೊಂಡ. ಬೆರಳು ತಗುಲಿತು. ಮೂರು ದಿನದ ಕುಂಕುಮ ಹಸಿ ಇರುವುದಿಲ್ಲ. ಬೆರಳನ್ನು ನೋಡಿದ, ಮೂಸಿದ, ಹಾಗೇ ಕೂತುಬಿಟ್ಟ.

ರುದ್ರಣ್ಣ ಬಂದು ಸೀಟಿಗೆ ಕೂತ. ಬಸ್ಸು ಭರ್ತಿ. ಮದುವೆಗೆ ಹೊರಟವರೇ ಅರ್ಧ. ಅವನು ಎಂಜಿನ್ ಶುರು ಮಾಡಿ ಕಾದ. ‘ರೈಟ್’ ಬರಲಿಲ್ಲ. ತಿರುಗಿ ನೋಡಿದರೆ ಓಬಳೇಶ ಪಕ್ಕದಲ್ಲೇ ನಿಂತಿದ್ದ.

“ರೈಟ್ ಅನ್ನೋ.”

“ಅನ್ನಲ್ಲ ಅಣ್ಣ.”

ಹಿಂದಿನಿಂದ ಒಬ್ಬಳು ಅಜ್ಜಿ, ಬಸ್ ಬಿಡ್ತೀರೋ, ಇಲ್ಲ ತಾಳಿ ಕಟ್ಟೋನನ್ನ ಇಲ್ಲಿಗೇ ಕರೆಸ್ತೀರೋ ಎಂದಳು. ಓಬಳೇಶ ತಿರುಗಿ ನೋಡಲಿಲ್ಲ. ಕೆಳಗೆ ಕೂತು ರುದ್ರಣ್ಣನ ಪಾದವನ್ನೆತ್ತಿ ಗಾಯ ತೋರಿಸಿದ. ಬೆರಳ ಬುಡ ಬಾಯಿ ಬಿಟ್ಟಿತ್ತು, ಅಂಚು ಕಪ್ಪಗಾಗಿತ್ತು. ರುದ್ರಣ್ಣ ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದ. ನೋವೇ ಇಲ್ಲವಲ್ಲ, ಸಣ್ಣ ಗಾಯ, ಪಾವಗಡ ಮುಟ್ಟಿಸಿ ಪಟ್ಟಿ ಕಟ್ಟಿಸಿಕೊಳ್ಳುತ್ತೇನೆ ಎಂದ.

ಓಬಳೇಶ ಕೈ ಚಾಚಿ ಎಂಜಿನ್ ಬಂದ್ ಮಾಡಿದ. “ಕಣ್ಮುಚ್ಕ.”

“ಇದೇನೋ ಹುಡುಗಾಟ?”

“ಮುಚ್ಕ ಅಣ್ಣ, ನನ್ನಾಣೆ.”

ರುದ್ರಣ್ಣ ಮುಚ್ಚಿದ. ಓಬಳೇಶ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಸರಿಸಿ ಇಟ್ಟ.

“ಕಾಲು ಎಲ್ಲೈತೆ ಹೇಳು.”

“ಎಲ್ಲಿರ್ತೈತೆ? ಬ್ರೇಕ್ ಮೇಲೆ.”

ನನ್ನ ಮೇಲೆ ಏನೂ ಇರಲಿಲ್ಲ.

“ಕಣ್ಬಿಟ್ಟು ನೋಡ್ಕ.”

ರುದ್ರಣ್ಣ ನೋಡಿದ. ಅವನ ಪಾದ ಆಕ್ಸಿಲರೇಟರಿನ ಮೇಲಿತ್ತು. ಆಮೇಲೆ ಹಿಂದೆ ತಿರುಗಿ ಆ ಅಜ್ಜಿಯನ್ನೂ, ಹೂ ಮುಡಿದ ಹೆಂಗಸರನ್ನೂ, ಒಬ್ಬೊಬ್ಬರನ್ನೇ ನೋಡಿದ. ಬೀಗದ ಕೈಯನ್ನು ಓಬಳೇಶನ ಕೈಗಿಟ್ಟು, ಕಂಬಿ ಹಿಡಿದು ಇಳಿದ.

ಮುಂದಿನದನ್ನು ನಾನು ಕೇಳಿ ತಿಳಿದದ್ದು. ಓಬಳೇಶ ಹೊಸ ಡ್ರೈವರಿಗೆ ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದ. ಆಸ್ಪತ್ರೆಯಲ್ಲಿ ಕಿರುಬೆರಳು ತೆಗೆದರು, ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮೊಣಕಾಲಿನ ಕೆಳಗೆ ಏನೂ ಇರುತ್ತಿರಲಿಲ್ಲವಂತೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿ ನಿಂತರೆ ನರ ಹಾಳಾಗುತ್ತದೆ, ಉದ್ದದ ನರವೇ ಮೊದಲು ಸೋಲುವುದರಿಂದ ಕಾಲಿನಿಂದ ಶುರುವಾಗುತ್ತದೆ, ಮೊದಲು ಉರಿ, ಆಮೇಲೆ ಮರಗಟ್ಟುವುದು. ಉರಿ ತಾನಾಗಿ ನಿಂತಿತೆಂದರೆ ವಾಸಿಯಾಯಿತೆಂದು ನಂಬಬಾರದು ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದ್ದರು. ಸಕ್ಕರೆಯೊಂದೇ ಅಲ್ಲ, ಕುಡಿತದಿಂದಲೂ ಆಗುತ್ತದೆ, ಥೈರಾಯ್ಡ್, ಮೂತ್ರಪಿಂಡದ ತೊಂದರೆ, ಕುಷ್ಠ, ಕೆಲವು ಔಷಧಿಗಳಿಂದಲೂ ಆಗುತ್ತದೆ. ರುದ್ರಣ್ಣನ ರಕ್ತದಲ್ಲಿ ಬಿ-ಹನ್ನೆರಡು ಎಂಬ ಜೀವಸತ್ವವೂ ಕಡಿಮೆ ಇತ್ತು. ಅದಕ್ಕೆ ಸೂಜಿ ಹಾಕಿದರು. ಸತ್ತ ನರವೆಲ್ಲ ಮರಳುವುದಿಲ್ಲ, ಇದ್ದದ್ದನ್ನು ಉಳಿಸಿಕೋ ಎಂದರು.

ಅವನು ಮತ್ತೆ ನನ್ನ ಬಳಿ ಬರಲಿಲ್ಲ. ಶಿರಾ ನಿಲ್ದಾಣದಲ್ಲಿ ಏಜೆಂಟ್ ಕೆಲಸ ಹಿಡಿದ. ಹಿಮ್ಮಡಿಗೆ ಪಟ್ಟಿಯಿರುವ ಮೆತ್ತನೆಯ ಚಪ್ಪಲಿ ಹಾಕಿಕೊಂಡು, ಹೊರಡುವ ಬಸ್ಸುಗಳ ಹೊತ್ತು ಕೂಗುವ ಅವನ ದನಿ ಮಾತ್ರ ಕೇಳುತ್ತಿತ್ತು. ಮಾತ್ರೆ ಬಿಟ್ಟ ಡ್ರೈವರು ಯಾರಾದರೂ ಸಿಕ್ಕರೆ ಬೈಗುಳವೂ ಕೇಳುತ್ತಿತ್ತು.

ಈಗ ನಾನು ಗುಜರಿಯಲ್ಲಿದ್ದೇನೆ. ಬಸ್ಸನ್ನು ಬಿಚ್ಚಿಹಾಕಿ ನನ್ನನ್ನು ಕಬ್ಬಿಣದ ರಾಶಿಗೆ ಎಸೆದರು. ಇಲ್ಲಿ ಯಾರೂ ನನ್ನನ್ನು ಒತ್ತುವುದಿಲ್ಲ, ಆದರೂ ನೆಮ್ಮದಿಯಿಲ್ಲ. ಕಾಲಿನ ಸಪ್ಪಳ ಹತ್ತಿರ ಬಂದರೆ ಸಾಕು, ಆ ಹರಿತ ಮೂಲೆ ಮೇಲ್ಮುಖವಾಗಿದೆಯಲ್ಲ ಎಂದು ಜೀವ ಹಾರುತ್ತದೆ.

ನಿನ್ನೆ ಲಾರಿಗೆ ತುಂಬಲು ಬಂದವನೊಬ್ಬ ಬರಿಗಾಲಲ್ಲಿ ರಾಶಿ ಹತ್ತಿ ನೇರ ನನ್ನ ಮೇಲೇ ಕಾಲಿಟ್ಟ. ತಕ್ಷಣ “ಅಯ್ಯಪ್ಪಾ” ಎಂದು ಕಾಲು ಕಿತ್ತು, ಒಂಟಿಗಾಲಲ್ಲಿ ಕುಣಿದು, ನನ್ನ ಏಳು ತಲೆಮಾರನ್ನೂ ಬೈದ. ಜೊತೆಯವರು ಬಿದ್ದು ಬಿದ್ದು ನಕ್ಕರು. ಚರ್ಮ ತರಚಿತ್ತು, ಅಷ್ಟೆ. ಅವನು ಬೈಯುತ್ತಲೇ ಇದ್ದ. ಎಷ್ಟು ಬೈದರೂ ನನಗೆ ಸಾಕೆನಿಸಲಿಲ್ಲ.