ಮನೆಯಲ್ಲಿ ಕೇಳಿಕೊಂಡು ಬನ್ನಿ

ಗುದನಾಳದಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾದ ಮೇಲೂ ಜಯಲತಾ ಡೊಂಬಿವಲಿಯ ಮನೆಯಿಂದ ಹೊರಡುವ ಹೊತ್ತನ್ನು ಬದಲಿಸಲಿಲ್ಲ. ಬೇಲಾಪುರದ ಕಚೇರಿಗೆ ರಜೆ ಹಾಕಿದ್ದಳು. ಆದರೂ ಇಸ್ತ್ರಿ ಮಾಡಿದ ಸೀರೆ ಉಟ್ಟು, ಡಬ್ಬಿ ಹಿಡಿದು, ಎಂದಿನ ಲೋಕಲ್ ರೈಲು ಹತ್ತಿ, ಥಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬಯಿಯ ಆಸ್ಪತ್ರೆಗೆ ಹೋಗುತ್ತಿದ್ದಳು. ಹೌಸಿಂಗ್ ಸೊಸೈಟಿಯವರ ಕಣ್ಣಿಗೆ ಅವಳು ಕೆಲಸಕ್ಕೆ ಹೋಗುವ ಹೆಂಗಸೇ. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ತುಳು ಮಾತು ಕೇಳಿಸಿರಲಿಲ್ಲ. ಹತ್ತಿರದವನೆಂದರೆ ಥಾಣೆಯ ವರ್ತಕ ನಗರದಲ್ಲಿದ್ದ ಅಣ್ಣನ ಮಗ ಕೌಶಲ್. ಅವನು ಹಿಂದಿಯಲ್ಲಿ ಮಾತಾಡುತ್ತಿದ್ದ, ಅದೂ ಫೋನಿನಲ್ಲಿ.

ಆಪರೇಶನ್‌ಗೆ ಮುಂಚೆ ಗಡ್ಡೆಯನ್ನು ಕುಗ್ಗಿಸಬೇಕು, ಅದಕ್ಕೆ ವಿಕಿರಣ ಮತ್ತು ಕೀಮೋ ಮಾತ್ರೆ ಎಂದು ಅಲ್ಲಿನ ಡಾಕ್ಟರ್ ಜ್ಯೋತ್ಸ್ನಾ ಹೇಳಿದ್ದರು. ಇವೆರಡರ ಜೊತೆ ಇಮ್ಯುನೋಥೆರಪಿಯನ್ನೂ ಸೇರಿಸಿದರೆ ಹೆಚ್ಚು ಗುಣ ಕಾಣುತ್ತದೆಯೇ ಎಂದು ನೋಡುವ ಅಧ್ಯಯನವೊಂದು ಆ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಕ್ಯಾನ್ಸರನ್ನು ಗುರುತಿಸಿ ಹೊಡೆಯಲು ಮೈಯ ರಕ್ಷಣಾ ಶಕ್ತಿಯನ್ನೇ ಎಬ್ಬಿಸುವ ಮದ್ದು ಅದು. ಬಾಟಲಿಯಿಂದ ನರಕ್ಕೆ ಇಳಿಸುತ್ತಾರೆ. ಒಪ್ಪಿದವರಲ್ಲಿ ಯಾರಿಗೆ ಅದನ್ನು ಕೊಡಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತಿತ್ತು. ಜಯಲತಾಗೆ ಸಿಕ್ಕಿತು. ಮರಗಮ್ಮನಿಗೆ ಸಿಗಲಿಲ್ಲ.

ಮರಗಮ್ಮ ವಿಜಯಪುರದ ಕಡೆಯವಳು. ಕಲ್ಯಾಣದಲ್ಲಿದ್ದುಕೊಂಡು ಕಟ್ಟಡ ಕೆಲಸ ಮಾಡಿದವಳು. ವಿಕಿರಣಕ್ಕೆ ಮುಂಚೆ ನೀರು ಕುಡಿದು, ಮೂತ್ರ ತಡೆದುಕೊಂಡು ಕೂರಬೇಕಾದ ಬೆಂಚಿನ ಮೇಲೆ ಇಬ್ಬರಿಗೂ ಪರಿಚಯವಾಯಿತು. ಮರಗಮ್ಮನ ಸುತ್ತ ಸದಾ ಜನ: ಗಂಡ ಸೈದಪ್ಪ, ಮಗ ದಿಲೀಪ, ನಾದಿನಿ.

“ಅಕ್ಕಾರ, ನಿಮ್ ಕೂಡ ಯಾರ್ ಬಂದಾರ್ರಿ?” ಎಂದು ಮೊದಲ ದಿನ ಕೇಳಿದಳು.

“ಬರ್ತಾರೆ, ಮತ್ತೆ ಬರ್ತಾರೆ,” ಎಂದಳು ಜಯಲತಾ.

ಯಾರೂ ಬರುವುದಿಲ್ಲವೆಂದು ಮರಗಮ್ಮನಿಗೆ ಬೇಗ ಗೊತ್ತಾಯಿತು. ಮತ್ತೆ ಕೇಳಲಿಲ್ಲ. ಆದರೆ ಒಂದು ದಿನ, “ನಿಮಗ ಆ ಬಾಟ್ಲಿ ಬಂತು, ನನಗ ಬರಲಿಲ್ಲ ನೋಡ್ರಿ,” ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ.

ವಿಕಿರಣ ಮುಗಿಯಿತು, ಬೆಂಚೂ ಮುಗಿಯಿತು. ಬಾಟಲಿ ಮಾತ್ರ ನಡೆದೇ ಇತ್ತು. ಆ ಮದ್ದಿನಿಂದ ಥೈರಾಯ್ಡ್ ಕುಗ್ಗಿ ಮೈಯೆಲ್ಲ ಭಾರವಾಯಿತು. ಎಷ್ಟೋ ಮಧ್ಯಾಹ್ನ ಅವಳು ಕುಕ್ಕರ್ ಇಡಲೂ ಆಗದೆ ಸೋಫಾದ ಮೇಲೇ ಬಿದ್ದುಕೊಂಡಿರುತ್ತಿದ್ದಳು. ಆಚೆ ಮನೆಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಬಾಗಿಲು ತಟ್ಟಿ ಒಂದು ಲೋಟ ಗಂಜಿ ಕೇಳೋಣ ಎನಿಸುತ್ತಿತ್ತು; ಕೇಳಲಿಲ್ಲ.

ಕೊನೆಗೆ ಕ್ಯಾಮೆರಾ ಹಾಕಿ ನೋಡಿದರು, ಎಂಆರ್‌ಐ ಮಾಡಿದರು. ಡಾಕ್ಟರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಗಡ್ಡೆ ಕಾಣ್ತಾ ಇಲ್ಲ. ಈಗ ಎರಡು ದಾರಿ. ಮೊದಲೇ ಹೇಳಿದ ಹಾಗೆ ಆಪರೇಶನ್ ಮಾಡಬಹುದು. ಗಡ್ಡೆ ತುಂಬ ಕೆಳಗಿತ್ತು, ಹಾಗಾಗಿ ಮಲ ಹೋಗೋಕೆ ಹೊಟ್ಟೆಗೆ ಚೀಲ ಕಾಯಂ. ಇಲ್ಲಾಂದ್ರೆ ಕಾಯಬಹುದು. ಆಗಾಗ ಬಂದು ತೋರಿಸಬೇಕು. ಕೆಲವರಿಗೆ ತಿರುಗಿ ಬರ್ತದೆ, ಬಂದ್ರೆ ಆವಾಗ ಆಪರೇಶನ್. ಗ್ಯಾರಂಟಿ ಕೊಡೋಕಾಗಲ್ಲ. ಅವಸರ ಬೇಡ, ಮನೆಯಲ್ಲಿ ಕೇಳಿಕೊಂಡು ಬನ್ನಿ.”

ಮನೆಗೆ ಬಂದು ಜಯಲತಾ ಚಪ್ಪಲಿ ಕಳಚದೆ ಕುಳಿತಳು. ಕೌಶಲ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

“ಆತ್ಯಾ, ಡಾಕ್ಟರ್ ಜೋ ಬೋಲೇ ವಹೀ ಕರೋ ನಾ,” ಎಂದ ಅವನು. ಡಾಕ್ಟರ್ ಹೇಳಿದಂತೆ ಅತ್ತೆ ಮಾಡಬೇಕಂತೆ. ಡಾಕ್ಟರ್ ಹೇಳಿದ್ದು ಮನೆಯವರನ್ನು ಕೇಳಲು.

ಮರಗಮ್ಮನಿಗೆ ಆಗಷ್ಟೇ ಆಪರೇಶನ್ ಆಗಿತ್ತು. ಮರುದಿನ ಜಯಲತಾ ವಾರ್ಡಿಗೆ ಹೋದಳು. ಸೈದಪ್ಪ, ದಿಲೀಪ, ಊರಿನಿಂದ ಬಂದ ಇನ್ನಾರೋ ಮಂಚದ ಸುತ್ತ ನಿಂತಿದ್ದರು. “ಚಾ ಕುಡದ್ ಬರ್ರಿ ಎಲ್ಲಾರೂ,” ಎಂದು ಮರಗಮ್ಮ ಅವರನ್ನು ಕಳಿಸಿದಳು.

ಜಯಲತಾ ಅಂಜುತ್ತಲೇ ಸುದ್ದಿ ಹೇಳಿದಳು. ಮರಗಮ್ಮ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. ಗೋಡೆ ನೋಡುತ್ತಲೇ ಕೇಳಿದಳು:

“ಬೇಕೋ ಬ್ಯಾಡೋ ಅಂತ ನಿಮ್ಮನ್ನ ಕೇಳ್ಯಾರ?”

“ಹೌದು.”

“ನನ್ನನ್ ಯಾರೂ ಕೇಳಲಿಲ್ರಿ. ಇವರೆಲ್ಲಾ ಹೊರಗ ನಿಂತು ಮಾತಾಡ್ಕೊಂಡ್ರು. ಹೆಬ್ಬಟ್ಟು ಒತ್ತು ಅಂದ್ರು, ಒತ್ತಿದೆ. ಎಚ್ಚರಾದಾಗ ಚೀಲ ಇತ್ತು.”

“ನಾನು ಎಂಥ ಮಾಡ್ಲಿ ಮರಗಮ್ಮ?”

“ನಾ ಹೆಂಗ್ ಹೇಳ್ಲಿ? ನಿಮ್ ಹೊಟ್ಟಿ ಅದು.” ಆಮೇಲೆ ಕೈ ಚಾಚಿ ಜಯಲತಾಳ ಮಣಿಕಟ್ಟು ಹಿಡಿದಳು. ಗಂಡ ಚಹಾ ಕುಡಿದು ಬರುವ ತನಕ ಬಿಡಲಿಲ್ಲ.

ಜಯಲತಾ ಕಾಯುವುದೆಂದು ನಿರ್ಧರಿಸಿದಳು. ತಾನೇ ಹೋಗಿ ತಿಳಿಸಿದಳು. ಮೊದಲ ತಪಾಸಣೆಯಲ್ಲಿ ಏನೂ ಕಾಣಲಿಲ್ಲ, ಎರಡನೆಯದರಲ್ಲೂ ಇಲ್ಲ. ಕಚೇರಿಗೆ ಮರಳಿದಳು. “ತೂಕ ಇಳಿಸಿದ್ರಾ ಮ್ಯಾಡಮ್?” ಎಂದು ಕೇಳಿದವರಿಗೆ ಹೂಂ ಎಂದಳು.

ಈಗ ಕೆಲವು ಭಾನುವಾರ ಅವಳು ಕಲ್ಯಾಣಕ್ಕೆ ಹೋಗುತ್ತಾಳೆ. ಮರಗಮ್ಮನ ಖೋಲಿಯಲ್ಲಿ ಮೊದಲಿನ ಜನಜಂಗುಳಿ ಇಲ್ಲ. ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಇದ್ದರೂ ಅವಳು ಚೀಲ ಬದಲಿಸುವಾಗ ಎದ್ದು ಹೊರಗೆ ಹೋಗುತ್ತಾರೆ. ಜಯಲತಾ ಹೋಗುವುದಿಲ್ಲ. ನೀರು ತಂದುಕೊಟ್ಟು ಪಕ್ಕದಲ್ಲೇ ಕೂರುತ್ತಾಳೆ. ಮುಂದಿನ ತಪಾಸಣೆ ಹತ್ತಿರವಾದಂತೆ ಗಡ್ಡೆ ತಿರುಗಿ ಬಂದಿದ್ದರೆ ಎಂದು ತನಗೆ ಹೆದರಿಕೆಯಾಗುತ್ತದೆ ಎಂಬುದನ್ನು ಮಾತ್ರ ಮರಗಮ್ಮನಿಗೂ ಹೇಳಿಲ್ಲ. ಅವಳ ಮುಂದೆ ಅದನ್ನು ಯಾವ ಬಾಯಿಂದ ಹೇಳುವುದು?