ಭರಿಸಬಹುದಾದ ನಷ್ಟ

ಗುಬ್ಬಿಯಿಂದ ಮೊದಲನೇ ಬಸ್ಸಿಗೆ ಹೊರಟ ಪುಟ್ಟರಂಗಯ್ಯ ಮತ್ತು ಪುಟ್ಟತಾಯಮ್ಮ ತುಮಕೂರಿನ ಚಿಕ್ಕಪೇಟೆಗೆ ಬಂದು ಬಾಗಿಲು ತಟ್ಟಿದಾಗ ಅನಂತರಾಮಯ್ಯನವರು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದರು. ೧೯೬೪ನೇ ಇಸವಿ, ಜೂನ್ ಇಪ್ಪತ್ನಾಲ್ಕು. ಪುಟ್ಟರಂಗಯ್ಯ ಷರಟಿನ ಒಳಜೇಬಿನಿಂದ ಒಂದು ತಂತಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಊರಿನ ಸ್ಕೂಲ್ ಮೇಷ್ಟ್ರು ಅದನ್ನು ಆಗಲೇ ಓದಿ ಹೇಳಿದ್ದರಂತೆ. ಮಗ ಜುಂಜಪ್ಪ ಇದ್ದ ಕಾವಲು ದೋಣಿ ಕಾಣೆಯಾಗಿದೆ, ಹುಡುಕಾಟ ನಡೆದಿದೆ ಅಂತ ಅದರಲ್ಲಿತ್ತು.

ಪುಟ್ಟತಾಯಮ್ಮ ಜಗುಲಿಯ ಮೇಲೆ ಕೂರಲಿಲ್ಲ. "ಮಿಸ್ಸಿಂಗು ಅಂದ್ರೆ ಕಾಣ್ತಿಲ್ಲ ಅಂತ ತಾನೆ ಸ್ವಾಮಿ?" ಎಂದರು. "ಕಾಣ್ದೇ ಇರೋರು ಸಿಕ್ತಾರೆ. ಸತ್ತೋಗವ್ನೆ ಅಂತ ಬರ್ದಿಲ್ವಲ್ಲ."

ಬರೆದಿಲ್ಲ, ನಿಜ ಎಂದರು ಅನಂತರಾಮಯ್ಯ. ಅಷ್ಟರಲ್ಲೇ ಅವರ ಕಣ್ಣು ತಾರೀಕಿನ ಮೇಲೆ ಹೋಗಿತ್ತು. ದೋಣಿಯ ರೇಡಿಯೋ ನಿಂತದ್ದು ಹತ್ತೊಂಬತ್ತಕ್ಕೆ. ತಂತಿ ಹೊರಟದ್ದು ಇಪ್ಪತ್ತೆರಡಕ್ಕೆ. ಇವರ ಕೈಗೆ ಸಿಕ್ಕಿದ್ದು ನಿನ್ನೆ ಸಂಜೆ. ಐದು ದಿನ ಆಗಿಹೋಗಿತ್ತು.

ತುಮಕೂರಿನಂಥ ಊರಲ್ಲಿ ಸಮುದ್ರ ಬಲ್ಲವರು ಅಂತ ಇದ್ದದ್ದು ಅವರೊಬ್ಬರೇ. ಕಾಲೇಜಿನಲ್ಲಿ ಭೂಗೋಳ ಹೇಳುತ್ತಿದ್ದರು. ಅದಕ್ಕೆ ಮುಂಚೆ, ಎರಡನೇ ಮಹಾಯುದ್ಧದ ಕಾಲಕ್ಕೆ, ಬೊಂಬಾಯಿಯಲ್ಲಿ ನೌಕಾಪಡೆಯ ನಕ್ಷೆಕೋಣೆಯಲ್ಲಿ ನಾಲ್ಕು ವರ್ಷ ಗುಮಾಸ್ತರಾಗಿದ್ದರು. ಗೋಡೆಯಷ್ಟಗಲದ ನಕ್ಷೆಯ ಮೇಲೆ ಹಡಗಿಗೊಂದು ಗುಂಡುಸೂಜಿ ಚುಚ್ಚುವುದು, ಹಡಗು ಮುಳುಗಿದ ಸುದ್ದಿ ಬಂದರೆ ಸೂಜಿ ಕಿತ್ತು ಡಬ್ಬಿಗೆ ಹಾಕುವುದು ಅವರ ಕೆಲಸ. ಒಂದು ದಿನವೂ ಹಡಗು ಹತ್ತಿದವರಲ್ಲ. ಆದರೂ ಆ ನಕ್ಷೆ ಅವರ ತಲೆಯೊಳಗೆ ಕೂತುಬಿಟ್ಟಿತ್ತು. ಊರಿಗೆ ಬಂದ ಮೇಲೂ ಬಂದರುಗಳ ವರದಿ, ಗಾಳಿ ಪ್ರವಾಹಗಳ ಪಟ್ಟಿ ತರಿಸಿಕೊಂಡು ಓದುತ್ತಿದ್ದರು. ಬೇರೆಯವರ ಮನೇಲಿ ಪಂಚಾಂಗ ನೇತಾಡೋ ಮೊಳೆಗೆ ನಮ್ಮನೇಲಿ ಉಬ್ಬರವಿಳಿತದ ಪಟ್ಟಿ ನೇತಾಡುತ್ತೆ ಎಂದು ಅವರ ಹೆಂಡತಿ ಅಲಮೇಲಮ್ಮ ಬಂದವರೆದುರು ನಗುತ್ತಿದ್ದರು.

೧೯೫೮ರಲ್ಲಿ ಅವರು ಮಿಲಿಟರಿ ವಿಷಯದ ಇಂಗ್ಲಿಷ್ ಪತ್ರಿಕೆಯೊಂದಕ್ಕೆ ನಲವತ್ತು ಪುಟದ ಲೇಖನ ಬರೆದರು. ಮಳೆಗಾಲ ಬಂತೆಂದರೆ ಪಶ್ಚಿಮ ಕರಾವಳಿಯ ಕಾವಲು ಸಡಿಲವಾಗುತ್ತದೆ, ಇದು ಎದುರಾಳಿಗೂ ಗೊತ್ತು, ಕಳ್ಳಸಾಗಣೆಯವರಿಗೂ ಗೊತ್ತು. ದೊಡ್ಡ ಹಡಗುಗಳನ್ನು ಕಾವಲಿಗೆ ಕಟ್ಟಿಹಾಕಬೇಡಿ, ಹತ್ತು ಹನ್ನೆರಡು ಜನರ ಸಣ್ಣ ದೋಣಿಗಳನ್ನು ದೂರ ದೂರ ನಿಲ್ಲಿಸಿ, ಮಳೆಗಾಲದಲ್ಲೂ ನಿಲ್ಲಿಸಿ ಎಂಬುದು ಅವರ ವಾದ. ಡೆಲ್ಲಿಯ ಒಂದು ಸಮಿತಿ ಅವರನ್ನು ಕರೆಸಿಕೊಂಡು ಎರಡು ಗಂಟೆ ಪ್ರಶ್ನೆ ಕೇಳಿತು. ೧೯೬೩ರ ಮಳೆಗಾಲಕ್ಕೆ ಅಂಥ ದೋಣಿಗಳು ನೀರಿಗಿಳಿದವು. ಇವರ ಲೇಖನದಿಂದಲೇ ಹಾಗಾಯಿತೋ, ಬೇರೆಯವರಿಗೂ ಅದೇ ಹೊಳೆದಿತ್ತೋ ಯಾರೂ ಹೇಳಲಿಲ್ಲ. ತಮ್ಮಿಂದಲೇ ಆಯಿತೆಂದು ಅವರು ನಂಬಿಕೊಂಡರು. ಹಾಗೆ ನಂಬುವುದರಲ್ಲಿ ಒಂದು ಸಂತೋಷವಿತ್ತು.

ಜುಂಜಪ್ಪ ಅವರ ಇಂಟರ್‌ಮೀಡಿಯೆಟ್ ಕ್ಲಾಸಿನ ಹುಡುಗ. ಅಕ್ಕನನ್ನು ಕೊಟ್ಟಿದ್ದ ಕುಣಿಗಲ್ಲಿಗೆ ಹೋದಾಗಲೆಲ್ಲ ಅಲ್ಲಿಯ ದೊಡ್ಡಕೆರೆ ಈಜಿ ಬರುತ್ತಿದ್ದ. ಅದಕ್ಕಿಂತ ದೊಡ್ಡ ನೀರು ಕಂಡವನಲ್ಲ. ಮೇಷ್ಟ್ರ ಪಾಠ ಕೇಳಿ ನೌಕಾಪಡೆಗೇ ಸೇರ್ತೀನಿ ಎಂದು ಹಟ ಹಿಡಿದ. ಮನೆಯಲ್ಲಿ ಒಪ್ಪಲಿಲ್ಲ. ಆಗ ಅನಂತರಾಮಯ್ಯ ತಾವೇ ಗುಬ್ಬಿಗೆ ಹೋಗಿ, ಅಲ್ಲಿಂದ ಎರಡು ಮೈಲಿ ನಡೆದು, ತೋಟದ ಮನೆಯ ಚಾಪೆಯ ಮೇಲೆ ಕೂತು, ಗಡಿಯಲ್ಲಿ ಬಂದೂಕು ಹಿಡಿದು ನಿಲ್ಲುವುದಕ್ಕಿಂತ ಹಡಗಿನ ಕೆಲಸ ಎಷ್ಟೋ ವಾಸಿ ಎಂದು ಹೇಳಿ ಒಪ್ಪಿಸಿ ಬಂದಿದ್ದರು. ಅರವತ್ತೆರಡರಲ್ಲಿ ಚೀನಾ ಯುದ್ಧ ಬಂದು ಆ ಸೀಮೆಯ ಕೆಲವು ಹುಡುಗರು ಹಿಮದ ಬೆಟ್ಟ ಹತ್ತಿದಾಗ ಪುಟ್ಟತಾಯಮ್ಮ ಒಂದು ಗೊನೆ ಎಳನೀರು ಕಳಿಸಿದ್ದರು. ನಿಮ್ಮ ಮಾತಿಂದ ನನ್ನ ಮಗ ಬದುಕಿಕೊಂಡ ಅಂತ ಹೇಳಿಕಳಿಸಿದ್ದರು.

ಈಗ ಅದೇ ಪುಟ್ಟತಾಯಮ್ಮ ಅವರ ಮುಖವನ್ನೇ ನೋಡುತ್ತಾ ನಿಂತಿದ್ದರು. ಅಲಮೇಲಮ್ಮ ಕಾಫಿ ತಂದಿಟ್ಟರು. ಯಾರೂ ಮುಟ್ಟಲಿಲ್ಲ. ಅನಂತರಾಮಯ್ಯ ಒಳಗೆ ಹೋಗಿ ನಕ್ಷೆ ಬಿಡಿಸಿದರು. ಎಲ್ಲಿದ್ದೇನೆಂದು ಬರೆಯುವ ಹಾಗಿರಲಿಲ್ಲವಾದರೂ, ದ್ವಾರಕೆಯ ಕಡೆ ತಿರುಗಿ ಕೈ ಮುಗಿದೆ ಎಂದು ಜುಂಜಪ್ಪ ಹಿಂದಿನ ಕಾಗದದಲ್ಲಿ ಬರೆದಿದ್ದ. ಅಷ್ಟು ಸಾಕಾಗಿತ್ತು. ಜೂನ್ ತಿಂಗಳ ಗಾಳಿ ಯಾವ ಕಡೆಯಿಂದ, ಅಲೆ ಎಷ್ಟು ಎತ್ತರ, ತೇಲುಜಾಕೀಟು ಹಾಕಿಕೊಂಡ ಮನುಷ್ಯ ಅಂಥ ನೀರಿನಲ್ಲಿ ಎಷ್ಟು ಹೊತ್ತು ಇರಬಲ್ಲ, ಎಲ್ಲಾ ಅವರಿಗೆ ಗೊತ್ತಿತ್ತು. ತೀರಾ ಗಟ್ಟಿ ಆಳಾದರೆ ಎರಡು ದಿನ. ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು. ನಕ್ಷೆ ಸುತ್ತಿಟ್ಟು ಹೊರಗೆ ಬಂದು, ಹುಡುಕ್ತಿದಾರೆ ತಾಯಿ, ದೊಡ್ಡ ದೊಡ್ಡ ಹಡಗು ಇವೆ, ವಿಮಾನ ಇದೆ ಎಂದರು. ಅವರಿಗೆ ತಿಳಿದ ಮಟ್ಟಿಗೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ಅವರಿಗೆ ಹಿಂಸೆಯಾಯಿತು.

ಪೋಸ್ಟಾಫೀಸಿಗೆ ಹೋಗಿ ಬೊಂಬಾಯಿಗೆ ಟ್ರಂಕ್ ಕಾಲ್ ಹಾಕಿದರು. ಐದು ಗಂಟೆ ಕಾದ ಮೇಲೆ ಲೈನು ಸಿಕ್ಕಿತು. ಆ ಕಡೆಯವನು ಹುಡುಗನಿಗೆ ನೀವು ಏನಾಗಬೇಕು ಎಂದು ಕೇಳಿದ. ಮೇಷ್ಟ್ರು ಎಂದರು. ತಂದೆತಾಯಿಗೆ ಮಾತ್ರ ತಿಳಿಸಬಹುದು ಅಂದ. ತಂದೆ ಪಕ್ಕದಲ್ಲೇ ಇದ್ದಾರೆ ಎಂದು ಪುಟ್ಟರಂಗಯ್ಯನ ಕೈಗೆ ಫೋನು ಕೊಟ್ಟರೆ, ಅವರಿಗೆ ಆ ಇಂಗ್ಲಿಷೂ ಹಿಂದಿಯೂ ತಿಳಿಯದೆ, "ಹೂಂ ಸ್ವಾಮಿ, ಹೂಂ ಸ್ವಾಮಿ" ಎನ್ನುತ್ತಿದ್ದ ಹಾಗೇ ಲೈನು ಸತ್ತುಹೋಯಿತು.

ಮಾರನೇ ದಿನ ಅನಂತರಾಮಯ್ಯ, ಪುಟ್ಟರಂಗಯ್ಯ ಇಬ್ಬರೂ ರೈಲು ಹತ್ತಿದರು. ಪೂನಾದಲ್ಲಿ ಗಾಡಿ ಬದಲಾಯಿಸಿ ಬೊಂಬಾಯಿ ಸೇರಿದಾಗ ಜಡಿಮಳೆ. ನೌಕಾಪಡೆಯ ಕಚೇರಿಯಲ್ಲಿ ಬಾಗಿಲಿಂದ ಬಾಗಿಲಿಗೆ ಕಳಿಸಿದರು. ಕೊನೆಗೆ ಅನಂತರಾಮಯ್ಯನವರ ಹೆಸರು ಬರೆದ ಚೀಟಿ ನೋಡಿ ಒಬ್ಬ ಕಮಾಂಡರು ತಾವೇ ಎದ್ದು ಬಂದು ಒಳಗೆ ಕರೆದುಕೊಂಡು ಹೋದರು. ಆ ಲೇಖನ ಬರೆದವರು ನೀವೇನಾ ಎಂದು ಕೈ ಕುಲುಕಿದರು. ಪುಟ್ಟರಂಗಯ್ಯನಿಗೂ ಕುರ್ಚಿ ಹಾಕಿಸಿದರು. ಒಳ್ಳೆಯ ಮನುಷ್ಯ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಗಾಳಿಯಲ್ಲೂ ಎರಡು ಹಡಗು, ಒಂದು ವಿಮಾನ ನಾಲ್ಕು ದಿನ ಹುಡುಕಿದವು. ಸಿಕ್ಕಿದ್ದು ನೀರಿಗೆ ಬಿದ್ದವರು ಹಿಡಿದುಕೊಳ್ಳುವ ಒಂದು ತೇಲುಬಳೆ ಮಾತ್ರ. ದೋಣಿಯಲ್ಲಿದ್ದವರು ಹನ್ನೊಂದು ಜನ. ಇಪ್ಪತ್ತಮೂರನೇ ತಾರೀಕು ಮಧ್ಯಾಹ್ನ ಹುಡುಕಾಟ ನಿಲ್ಲಿಸಿದರು. ಗುಬ್ಬಿಗೆ ತಂತಿ ಬರುವುದಕ್ಕೆ ಕೆಲವು ಗಂಟೆ ಮುಂಚೆ.

ಆಮೇಲೆ ಕಮಾಂಡರು ಬೀರುವಿನಿಂದ ಒಂದು ಕಡತ ತೆಗೆದರು. ಅದರಲ್ಲಿ ಅನಂತರಾಮಯ್ಯನವರ ಲೇಖನವಿತ್ತು. ಒಂದು ಪುಟದಲ್ಲಿ ಯಾರೋ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಹನ್ನೆರಡು ದೋಣಿಗಳಲ್ಲಿ ಎರಡು ಮಳೆಗಾಲಕ್ಕೆ ಒಂದು ದೋಣಿ ಹೋಗಬಹುದು, ಕರಾವಳಿಯ ರಕ್ಷಣೆಯನ್ನು ನೆನೆದರೆ ಅದು ಭರಿಸಬಹುದಾದ ನಷ್ಟ ಎಂದು ಬರೆದಿತ್ತು. ಅವರದೇ ವಾಕ್ಯ. ಬರೆದ ದಿನ ಆ ಇಂಗ್ಲಿಷ್ ಚೆನ್ನಾಗಿ ಕೂತಿದೆ ಎಂದು ಎರಡು ಸಲ ಓದಿಕೊಂಡಿದ್ದರು.

"ನಿಮ್ಮ ಅಂದಾಜು ಸರಿಯಾಗೇ ಬಂತು, ಪ್ರೊಫೆಸರ್," ಎಂದರು ಕಮಾಂಡರು ಮೆಲ್ಲಗೆ. "ಇದು ಎರಡನೇ ಮಳೆಗಾಲ."

ಅವರು ಚುಚ್ಚಿ ಹೇಳಿದ್ದಲ್ಲ. ಒಬ್ಬ ಬಲ್ಲವರು ಇನ್ನೊಬ್ಬ ಬಲ್ಲವರಿಗೆ ಹೇಳುವ ಮರ್ಯಾದೆಯಿಂದಲೇ ಹೇಳಿದ್ದರು. ಹಾಗಾದರೆ ಈ ಮಳೆಗಾಲಕ್ಕೆ ಉಳಿದ ದೋಣಿಗಳನ್ನಾದರೂ ವಾಪಸು ಕರೆಸಿ ಎಂದು ಅನಂತರಾಮಯ್ಯ ಬೇಡಿಕೊಂಡರು. ದೋಣಿಗಳು ಕಾವಲಿಗೆ ನಿಂತ ಮೇಲೆ ಕಳ್ಳಸಾಗಣೆ ಎಷ್ಟು ಕಡಿಮೆಯಾಗಿದೆ ಎಂದು ಕಮಾಂಡರು ವಿವರಿಸಿದರು. ಕೇಳುತ್ತಾ ಕೇಳುತ್ತಾ ಅದೆಲ್ಲ ತಮ್ಮದೇ ವಾದ, ತಾವು ಬರೆದಿದ್ದ ಕ್ರಮದಲ್ಲೇ ಬರುತ್ತಿದೆ ಎಂದು ಅನಂತರಾಮಯ್ಯನವರಿಗೆ ಹೊಳೆಯಿತು.

ಹೊರಗೆ ಬಂದ ಮೇಲೆ ಪುಟ್ಟರಂಗಯ್ಯ ಏನಂದರು ಎಂದು ಕೇಳಿದರು. ಹುಡುಕಿದರಂತೆ, ಸಿಗಲಿಲ್ಲವಂತೆ, ನಿಲ್ಲಿಸಿದರಂತೆ ಎಂದು ಹೇಳಿ ಅನಂತರಾಮಯ್ಯ ಅವರ ಭುಜ ಹಿಡಿದುಕೊಂಡರು. ಪುಟ್ಟರಂಗಯ್ಯ ಟವೆಲನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡರು, ಮತ್ತೆ ತೆಗೆದು ಮಡಿಸಿದರು. ನಾನು ಸಮುದ್ರ ನೋಡಿಲ್ಲ, ಒಂದು ಸಲ ತೋರಿಸಿ ಎಂದರು.

ದಡದ ಕಲ್ಲುಕಟ್ಟೆಗೆ ಅಲೆಗಳು ಬಂದು ಅಪ್ಪಳಿಸುತ್ತಿದ್ದವು. ನೀರೂ ಆಕಾಶವೂ ಒಂದೇ ಬಣ್ಣವಾಗಿ, ಎಲ್ಲಿ ಏನು ಮುಗಿಯುತ್ತದೆಂದು ತಿಳಿಯುತ್ತಿರಲಿಲ್ಲ. ಯಾವ ಕಡೆ ಎಂದು ಕೇಳಿದ್ದಕ್ಕೆ ಅನಂತರಾಮಯ್ಯ ವಾಯುವ್ಯಕ್ಕೆ ಕೈ ತೋರಿಸಿದರು. ಪುಟ್ಟರಂಗಯ್ಯ ಆ ಕಡೆ ನೋಡುತ್ತಾ ಕೊಡೆ ಬಿಚ್ಚದೆ ನಿಂತುಬಿಟ್ಟರು. ಅಲ್ಲಿಯೇ ಅನಂತರಾಮಯ್ಯ ಹೇಳಿದರು.

"ಪುಟ್ಟರಂಗಯ್ಯನವರೇ, ಮಳೆಗಾಲದಲ್ಲೂ ದೋಣಿ ಕಳಿಸಿ ಅಂತ ಬರೆದವನು ನಾನು. ಒಂದೆರಡು ಹೋದರೆ ಹೋಗಲಿ ಅಂತಾನೂ ಬರೆದಿದ್ದೆ. ಅವರು ಒಳಗೆ ತೋರಿಸಿದ್ದು ಅದೇ ಕಾಗದ."

ಪುಟ್ಟರಂಗಯ್ಯ ತಿರುಗಿ ನೋಡಿದರು. ಬೈಯುತ್ತಾರೆ, ಕೊರಳಪಟ್ಟಿ ಹಿಡಿಯುತ್ತಾರೆ ಎಂದುಕೊಂಡರು ಅನಂತರಾಮಯ್ಯ. ಹಿಡಿದಿದ್ದರೆ ಒಳ್ಳೆಯದಿತ್ತು.

"ಯಾರ್ನ ಕಳಿಸ್ಬೇಕು ಅಂತ ಬರ್ದಿರ್ಲಿಲ್ವಲ್ಲ ಬುಡಿ ಸ್ವಾಮಿ," ಎಂದರು ಪುಟ್ಟರಂಗಯ್ಯ, ಸಮಾಧಾನ ಹೇಳುವ ದನಿಯಲ್ಲಿ.

ನಿಜ, ಅನಂತರಾಮಯ್ಯ ಬರೆದಿರಲಿಲ್ಲ. ಯಾರು ಎಂಬ ಮಾತು ಆ ನಲವತ್ತು ಪುಟದಲ್ಲಿ ಎಲ್ಲೂ ಇರಲಿಲ್ಲ.

ಊರಿಗೆ ಬಂದ ಮೇಲೆ ಅವರು ಡೆಲ್ಲಿಗೆ ಮೂರು ಕಾಗದ ಬರೆದರು. ತಮ್ಮ ಲೇಖನದ ಅಂದಾಜುಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ದಯವಿಟ್ಟು ಮಳೆಗಾಲದ ಕಾವಲನ್ನು ಮತ್ತೆ ಪರಿಶೀಲಿಸಿ ಎಂದು. ತಲುಪಿದೆ ಎಂಬ ಒಂದು ಸಾಲಿನ ಕಾರ್ಡು ಬಂತು. ಮುಂದಿನ ಮಳೆಗಾಲಕ್ಕೂ ದೋಣಿಗಳು ಹೋದವು ಎಂದು ಆಮೇಲೆ ಪತ್ರಿಕೆಯಲ್ಲಿ ಓದಿದರು.

ಆದರೆ ಅದಕ್ಕೂ ಮುಂಚೆ, ಆ ವರ್ಷದ ಆಗಸ್ಟಿನಲ್ಲಿ, ಮೃತನೆಂದು ಭಾವಿಸಲಾಗಿದೆ ಎಂಬ ಸರ್ಕಾರಿ ಕಾಗದ ಗುಬ್ಬಿಗೆ ಬಂತು. ಓದಿ ಹೇಳಲು ಅನಂತರಾಮಯ್ಯನವರೇ ಹೋದರು. ಪುಟ್ಟತಾಯಮ್ಮ ತೋಟದಲ್ಲಿ ಬಿದ್ದ ಸೋಗೆಗಳನ್ನು ಎಳೆದು ಒಟ್ಟುತ್ತಿದ್ದರು. ಕಾಗದ ಓದಿದ್ದು ಮುಗಿಯುವವರೆಗೂ ಕೈಯಲ್ಲಿ ಸೋಗೆ ಹಿಡಿದುಕೊಂಡೇ ಕೇಳಿದರು. ಅಳಲಿಲ್ಲ. ಅಲ್ಲಿ ನೀರು ಎಷ್ಟು ಆಳ ಎಂದು ಕೇಳಿದರು.

ಅದೂ ಅವರಿಗೆ ಗೊತ್ತಿತ್ತು. ನಲವತ್ತು ಮಾರು ಎಂದರೆ ಆಕೆಗೆ ಕಣ್ಣಿಗೆ ಕಟ್ಟಲಿಕ್ಕಿಲ್ಲವೆಂದು ಸುತ್ತ ನೋಡಿ, "ನಾಲ್ಕು ತೆಂಗಿನ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ತಾಯಿ," ಎಂದರು.

ಪುಟ್ಟತಾಯಮ್ಮ ಪಕ್ಕದ ಮರದ ಬುಡದಿಂದ ಸುಳಿಯವರೆಗೂ ನಿಧಾನವಾಗಿ ಕತ್ತೆತ್ತಿ ನೋಡಿದರು. ಆಮೇಲೆ ಅದರ ಮೇಲಿನ ಖಾಲಿ ಆಕಾಶವನ್ನು ನೋಡಿದರು.

"ತಳದಲ್ಲಿ ಬೆಳಕಿರ್ತದಾ?"

ಸುಳ್ಳು ಹೇಳಬಹುದಿತ್ತು. ಅನಂತರಾಮಯ್ಯನವರಿಗೆ ಅದೂ ಕೈಲಾಗಲಿಲ್ಲ.

"ಮಳೆಗಾಲದಲ್ಲಿ ಇರಲ್ಲ ತಾಯಿ," ಎಂದರು.

ಆಕೆ ತಲೆಯಾಡಿಸಿ, ಸೋಗೆಯನ್ನು ರಾಶಿಯ ಮೇಲೆ ಹಾಕಿ, ಇನ್ನೊಂದನ್ನು ಎಳೆದುಕೊಳ್ಳಲು ಬಗ್ಗಿದರು.